ಬಯಾಸ್ ಸೆಟಪ್: ಹಳೆಯ ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳ ಹೊಂದಿಕೆ

ಡೆಸ್ಕ್‌ಟಾಪ್ ಕಂಪ್ಯೂಟರಿನ ಗುಂಡಿ ಒತ್ತಿದಾಗಿನಿಂದ ವಿಂಡೋಸ್ ಅಥವಾ ಲಿನಕ್ಸ್ ಎದ್ದು ನಿಲ್ಲುವವರೆಗೆ ಯಂತ್ರವನ್ನು ನಡೆಸುವುದು ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಬರೆದಿಟ್ಟಿರುವ ಪುಟ್ಟ ತಂತ್ರಾಂಶ. ಇದರ ಹೆಸರು ಬಯಾಸ್. ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಮ್ ಎಂಬುದರ ಹ್ರಸ್ವರೂಪ. ಯಾವ ಡಿಸ್ಕಿನಿಂದ ಆಪರೇಟಿಂಗ್ ಸಿಸ್ಟಮ್ ಏಳಬೇಕು, ಮೆಮೊರಿ ಎಷ್ಟು ವೇಗದಲ್ಲಿ ಓಡಬೇಕು, ಪ್ರಿಂಟರ್ ಪೋರ್ಟ್ ಯಾವ ವಿಳಾಸದಲ್ಲಿ ಸಿಗಬೇಕು, ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಏಳಬೇಕೇ ಎಂಬಂಥ ಹತ್ತಾರು ತೀರ್ಮಾನಗಳನ್ನು ಬಳಕೆದಾರರು ತಿದ್ದಲು ಬಯಾಸ್ ತೆರೆದಿಡುವ ಪರದೆಯೇ ಬಯಾಸ್ ಸೆಟಪ್. 1990ರ ದಶಕದ ನಡುವಿನಿಂದ ಸುಮಾರು 2010ರವರೆಗೆ ಬಂದ ಮದರ್‌ಬೋರ್ಡ್‌ಗಳ ಈ ನೀಲಿ ಅಥವಾ ಬೂದು ಪರದೆ ಅಂಗಡಿ, ಶಾಲೆ, ಪ್ರಯೋಗಾಲಯ, ಕಾರ್ಖಾನೆಗಳ ಹಳೆಯ ಯಂತ್ರಗಳಲ್ಲಿ ಈಗಲೂ ಬಳಕೆಯಲ್ಲಿದೆ. ಅದನ್ನು ಕಂಡು ಹೆದರುವವರೇ ಹೆಚ್ಚು. ಆದರೆ ಅಲ್ಲಿನ ಪ್ರತಿ ಸಾಲೂ ಯಾವುದೋ ಒಂದು ಕಾಲದ ಯಂತ್ರಾಂಶದ ಅಗತ್ಯಕ್ಕಾಗಿ ಬಂದದ್ದು. ಆ ಅಗತ್ಯ ಏನೆಂದು ತಿಳಿದರೆ ಯಾವುದನ್ನು ತಿದ್ದಬೇಕು, ಯಾವುದನ್ನು ಇದ್ದ ಹಾಗೇ ಬಿಡಬೇಕು ಎಂಬ ತೀರ್ಮಾನ ಕಷ್ಟವಾಗುವುದಿಲ್ಲ. ನಿಜವಾಗಿ ಕೈ ಹಾಕಬೇಕಾದ ಸಾಲುಗಳು ಬೆರಳೆಣಿಕೆಯಷ್ಟು.

ಗುಂಡಿ ಒತ್ತಿದ ಮೇಲೆ ನಡೆಯುವುದೇನು

ವಿದ್ಯುತ್ ಸ್ಥಿರವಾಯಿತೆಂಬ ಸಂಕೇತ ಪವರ್ ಸಪ್ಲೈಯಿಂದ ಬಂದ ಕೂಡಲೆ ಪ್ರೊಸೆಸರ್ ತನ್ನ ಮೊದಲ ಆದೇಶವನ್ನು ಒಂದು ನಿಗದಿತ ವಿಳಾಸದಲ್ಲಿ ಹುಡುಕುತ್ತದೆ. ಮೂಲ 8086 ಪ್ರೊಸೆಸರಿನಲ್ಲಿ ಇದು 1 ಎಂಬಿ ಗಡಿಗಿಂತ 16 ಬೈಟ್ ಕೆಳಗಿತ್ತು. 386ರಿಂದ ಮುಂದೆ 4 ಜಿಬಿ ಗಡಿಗಿಂತ 16 ಬೈಟ್ ಕೆಳಗೆ. ಮದರ್‌ಬೋರ್ಡಿನ ಸರ್ಕಿಟ್ ಆ ವಿಳಾಸಕ್ಕೆ ಬಯಾಸ್ ಚಿಪ್ಪನ್ನೇ ಜೋಡಿಸಿರುತ್ತದೆ. ಅಲ್ಲಿಂದ ಶುರುವಾಗುವುದು ಪೋಸ್ಟ್ ಎಂಬ ಸ್ವಯಂ ತಪಾಸಣೆ: ಪ್ರೊಸೆಸರ್, ಚಿಪ್‌ಸೆಟ್, ಮೆಮೊರಿ, ಡಿಸ್‌ಪ್ಲೇ ಕಾರ್ಡ್, ಕೀಬೋರ್ಡ್, ಡಿಸ್ಕ್‌ಗಳು ಒಂದೊಂದಾಗಿ ಎಚ್ಚರಗೊಳ್ಳುತ್ತವೆ. ಪರದೆ ಬರುವ ಮುಂಚೆಯೇ ಏನಾದರೂ ಕೈಕೊಟ್ಟರೆ ತಿಳಿಸಲು ಬೇರೆ ದಾರಿ ಇಲ್ಲದ ಕಾರಣ ಬಯಾಸ್ ಸ್ಪೀಕರಿನಲ್ಲಿ ಬೀಪ್ ಮಾಡುತ್ತದೆ. ಅವಾರ್ಡ್ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇಯ ತೊಂದರೆ. ಒಂದೇ ಒಂದು ಗಿಡ್ಡ ಬೀಪ್ ಎಂದರೆ ಎಲ್ಲವೂ ಸರಿ. ಈ ಸಂಕೇತಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಮೆಮೊರಿ ದೋಷದ ಬೀಪ್ ಕೇಳಿಸಿದರೆ ರಿಪೇರಿಯವರು ರ‍್ಯಾಮ್ ತೆಗೆದು ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಾರೆ. ಇದು ಬರಿಯ ನಂಬಿಕೆಯ ಉಪಚಾರವಲ್ಲ. ತೇವ ಮತ್ತು ಧೂಳಿನಿಂದ ಸಂಪರ್ಕ ಮಂಕಾಗುವುದು ಹಳೆಯ ಯಂತ್ರಗಳಲ್ಲಿ ನಿತ್ಯದ ಕಾಯಿಲೆ.

ತಪಾಸಣೆ ಮುಗಿದ ಮೇಲೆ ಬಯಾಸ್ ತನಗೆ ಹೇಳಿಕೊಟ್ಟ ಕ್ರಮದಲ್ಲಿ ಒಂದೊಂದು ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದಿ ಮೆಮೊರಿಯಲ್ಲಿ ಸರಿಯಾಗಿ 31ನೇ ಕೆಬಿಯ ಮೇಲೆ ಇಳಿಸುತ್ತದೆ. ಕೊನೆಯ ಎರಡು ಬೈಟ್‌ಗಳಲ್ಲಿ ನಿಗದಿತ ಗುರುತು ಇದ್ದರೆ ನಿಯಂತ್ರಣವನ್ನು ಅದಕ್ಕೆ ಒಪ್ಪಿಸುತ್ತದೆ. ಅಲ್ಲಿಂದ ಮುಂದೆ ಆಪರೇಟಿಂಗ್ ಸಿಸ್ಟಮ್‌ನದೇ ಕಾರುಬಾರು. ಆದರೆ ಬಯಾಸ್ ಯಂತ್ರವನ್ನು ಯಾವ ಸ್ಥಿತಿಯಲ್ಲಿ ಒಪ್ಪಿಸಿತೋ ಅದೇ ಸ್ಥಿತಿಯಲ್ಲಿ ಅದು ಮುಂದುವರಿಯಬೇಕು. ಸೆಟಪ್‌ನಲ್ಲಿ ಬದಲಾದ ಒಂದು ಸಾಲು ವಿಂಡೋಸ್‌ನ ನೀಲಿಪರದೆಗೆ ಕಾರಣವಾಗುವುದು ಹೀಗೆ.

ಸ್ವಿಚ್ಚುಗಳಿಂದ ಪರದೆಗೆ

1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಸೆಟಪ್ ಪರದೆ ಇರಲಿಲ್ಲ. ಮದರ್‌ಬೋರ್ಡಿನ ಮೇಲೆ ಎಂಟೆಂಟು ಪುಟ್ಟ ಡಿಪ್ ಸ್ವಿಚ್ಚುಗಳ ಎರಡು ಸಾಲುಗಳಿದ್ದವು. ಫ್ಲಾಪಿ ಡ್ರೈವ್‌ಗಳೆಷ್ಟು, ಪರದೆ ಯಾವ ಬಗೆಯದು, ಮೆಮೊರಿ ಎಷ್ಟು ಎಂಬುದನ್ನು ಡಬ್ಬಿ ಬಿಚ್ಚಿ ಆ ಸ್ವಿಚ್ಚುಗಳಲ್ಲಿ ಹೇಳಬೇಕಿತ್ತು. 1984ರ ಪಿಸಿ ಎಟಿಯಲ್ಲಿ ಐಬಿಎಂ ಮೋಟೊರೋಲಾದ ಎಂಸಿ146818 ಎಂಬ ಗಡಿಯಾರದ ಚಿಪ್ಪನ್ನು ಅಳವಡಿಸಿತು. ಅದರಲ್ಲಿ 64 ಬೈಟ್‌ಗಳ ನೆನಪು. 14 ಬೈಟ್ ಗಡಿಯಾರಕ್ಕೆ, ಉಳಿದ 50 ಯಂತ್ರದ ಹೊಂದಿಕೆಗೆ. ವಿದ್ಯುತ್ ಇಲ್ಲದಾಗಲೂ ಬ್ಯಾಟರಿಯ ಬಲದಿಂದ ಇದು ನೆನಪಿಟ್ಟುಕೊಳ್ಳುತ್ತಿತ್ತು. ಸಿಮಾಸ್ ತಂತ್ರದಿಂದ ಮಾಡಿದ, ಅತ್ಯಲ್ಪ ವಿದ್ಯುತ್ ಬಳಸುವ ಚಿಪ್ ಆದ್ದರಿಂದ ಈ ನೆನಪಿಗೇ ಸಿಮಾಸ್ ಎಂಬ ಹೆಸರು ನಿಂತಿತು. ಬಯಾಸ್ ಮತ್ತು ಸಿಮಾಸ್ ಬೇರೆಬೇರೆ ಎಂಬುದನ್ನು ಇಲ್ಲೇ ಗಮನಿಸಬೇಕು: ತಂತ್ರಾಂಶ ಇರುವುದು ರಾಮ್ (ROM) ಅಥವಾ ಫ್ಲ್ಯಾಶ್ ಚಿಪ್ಪಿನಲ್ಲಿ, ಬಳಕೆದಾರರ ಆಯ್ಕೆಗಳು ಇರುವುದು ಸಿಮಾಸ್‌ನಲ್ಲಿ. ಸೆಲ್ ಸತ್ತರೆ ಆಯ್ಕೆಗಳು ಅಳಿಯುತ್ತವೆ, ತಂತ್ರಾಂಶಕ್ಕೆ ಏನೂ ಆಗುವುದಿಲ್ಲ.

ಎಟಿಯಲ್ಲೂ ಸೆಟಪ್ ಕಾರ್ಯಕ್ರಮ ಬೇರೆ ಫ್ಲಾಪಿಯಲ್ಲಿತ್ತು. ಅದನ್ನು ಚಿಪ್ಪಿನೊಳಗೇ ತಂದು, ಒಂದು ಕೀಲಿ ಒತ್ತಿದರೆ ತೆರೆಯುವಂತೆ ಮಾಡಿದವರು ಐಬಿಎಂಗೆ ಹೊಂದುವ ಯಂತ್ರಗಳಿಗಾಗಿ ಬಯಾಸ್ ಬರೆದ ಸ್ವತಂತ್ರ ಕಂಪನಿಗಳು. ಐಬಿಎಂ ತನ್ನ ಬಯಾಸ್‌ನ ಪೂರ್ತಿ ಪಠ್ಯವನ್ನು ತಾಂತ್ರಿಕ ಕೈಪಿಡಿಯಲ್ಲೇ ಅಚ್ಚು ಹಾಕಿಸಿತ್ತು. ಅಂದಮಾತ್ರಕ್ಕೆ ಅದನ್ನು ನಕಲು ಮಾಡಲು ಹಕ್ಕುಸ್ವಾಮ್ಯ ಬಿಡುತ್ತಿರಲಿಲ್ಲ. ಆದ್ದರಿಂದ ಒಂದು ತಂಡ ಅದನ್ನು ಓದಿ ಅದು ಮಾಡುವ ಕೆಲಸವನ್ನಷ್ಟೇ ವಿವರಿಸುವುದು, ಅದನ್ನು ಎಂದೂ ನೋಡದ ಇನ್ನೊಂದು ತಂಡ ಆ ವಿವರಣೆಯಿಂದ ಹೊಸದಾಗಿ ಬರೆಯುವುದು ಎಂಬ ಕ್ರಮ ಬಂತು. ಕಾಂಪ್ಯಾಕ್ ತನ್ನ ಯಂತ್ರಕ್ಕಾಗಿ ಹೀಗೆ ಬರೆಸಿಕೊಂಡಿತು. ಫೀನಿಕ್ಸ್ 1984ರಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಬಯಾಸ್ ತಂದಿತು. 1983ರಲ್ಲಿ ಹುಟ್ಟಿದ ಅವಾರ್ಡ್ 1998ರಲ್ಲಿ ಫೀನಿಕ್ಸ್ ಜೊತೆ ಸೇರಿತು. ಮೂರನೆಯ ದೊಡ್ಡ ಹೆಸರು ಅಮೆರಿಕನ್ ಮೆಗಾಟ್ರೆಂಡ್ಸ್, ಅಂದರೆ ಎಎಂಐ. ಭಾರತ ಮೂಲದ ಎಸ್. ಶಂಕರ್ ಮತ್ತು ಪ್ಯಾಟ್ ಶರ್ಮಾ 1985ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಕಟ್ಟಿದ ಕಂಪನಿ ಇದು. ತೈವಾನಿನ ಬೋರ್ಡ್ ತಯಾರಕರು ಈ ಮೂವರಲ್ಲಿ ಒಬ್ಬರ ಬಯಾಸ್ ಕೊಂಡು ತಮ್ಮ ಬೋರ್ಡಿಗೆ ತಕ್ಕಂತೆ ತಿದ್ದಿಕೊಳ್ಳುತ್ತಿದ್ದರು. ಬೋರ್ಡ್ ಯಾರದೇ ಇರಲಿ, ಪರದೆಗಳು ಒಂದನ್ನೊಂದು ಹೋಲುವುದು ಇದರಿಂದಾಗಿಯೇ.

ಒಳಗೆ ಹೋಗುವ ದಾರಿ

ಅವಾರ್ಡ್ ಮತ್ತು ಎಎಂಐ ಬಯಾಸ್‌ಗಳಲ್ಲಿ ಸಾಮಾನ್ಯವಾಗಿ ಡಿಲೀಟ್ ಕೀಲಿ, ಇಂಟೆಲ್ ತಯಾರಿಸಿದ ಬೋರ್ಡ್‌ಗಳಲ್ಲಿ ಎಫ್2, ಕಾಂಪ್ಯಾಕ್ ಮತ್ತು ಎಚ್‌ಪಿ ಯಂತ್ರಗಳಲ್ಲಿ ಎಫ್10, ಐಬಿಎಂ ಹಾಗೂ ಲೆನೊವೊ ಡೆಸ್ಕ್‌ಟಾಪ್‌ಗಳಲ್ಲಿ ಎಫ್1. ಯಂತ್ರ ಚಾಲೂ ಆದ ಕೂಡಲೆ ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಿರಬೇಕು. ಯುಎಸ್‌ಬಿ ಕೀಬೋರ್ಡ್ ಇದ್ದು ಬಯಾಸ್ ಅದನ್ನು ಗುರುತಿಸದಿದ್ದರೆ ಎಷ್ಟು ಒತ್ತಿದರೂ ಫಲವಿಲ್ಲ. ಯುಎಸ್‌ಬಿ ಲೆಗಸಿ ಸಪೋರ್ಟ್ ಅಥವಾ ಯುಎಸ್‌ಬಿ ಕೀಬೋರ್ಡ್ ಸಪೋರ್ಟ್ ಎಂಬ ಸಾಲು ಡಿಸೇಬಲ್ಡ್ ಆಗಿರುವುದೇ ಇದಕ್ಕೆ ಕಾರಣ. ಹಳೆಯ ಬೋರ್ಡ್‌ಗಳೊಡನೆ ಕೆಲಸ ಮಾಡುವವರು ದುಂಡು ಪಿನ್ನಿನ ಪಿಎಸ್/2 ಕೀಬೋರ್ಡ್ ಒಂದನ್ನು ಎತ್ತಿಟ್ಟುಕೊಳ್ಳುವುದು ಇದಕ್ಕಾಗಿ.

ಅವಾರ್ಡ್ ಪರದೆಯಲ್ಲಿ ನೀಲಿ ಹಿನ್ನೆಲೆಯ ಮೇಲೆ ಹಳದಿ ಅಕ್ಷರಗಳ ಎರಡು ಕಂಬಸಾಲುಗಳಿರುತ್ತವೆ: ಎಡಕ್ಕೆ ಸ್ಟ್ಯಾಂಡರ್ಡ್ ಸಿಮಾಸ್ ಫೀಚರ್ಸ್, ಅಡ್ವಾನ್ಸ್ಡ್ ಬಯಾಸ್ ಫೀಚರ್ಸ್, ಇಂಟಿಗ್ರೇಟೆಡ್ ಪೆರಿಫೆರಲ್ಸ್, ಪವರ್ ಮ್ಯಾನೇಜ್‌ಮೆಂಟ್ ಇತ್ಯಾದಿ ವಿಭಾಗಗಳು, ಬಲಕ್ಕೆ ಡಿಫಾಲ್ಟ್ ಲೋಡ್ ಮಾಡುವುದು, ಪಾಸ್‌ವರ್ಡ್ ಇಡುವುದು, ಉಳಿಸಿ ಹೊರಬರುವುದು. ಎಎಂಐ 1990ರ ದಶಕದ ಆರಂಭದಲ್ಲಿ ಮೌಸ್ ಬಳಸಬಹುದಾದ ಚಿತ್ರಪರದೆಯೊಂದನ್ನು ತಂದಿತ್ತಾದರೂ ಅದು ಹೆಚ್ಚು ಕಾಲ ನಡೆಯಲಿಲ್ಲ. ಪಠ್ಯಪರದೆಯ ಒಂದು ಮಿತಿ ನಮಗೆ ನೇರವಾಗಿ ಸಂಬಂಧಿಸಿದ್ದು. ಅಲ್ಲಿ ಸಾಮಾನ್ಯವಾಗಿ 256 ಆಕಾರಗಳಿಗಷ್ಟೇ ಜಾಗ, ಪ್ರತಿ ಆಕಾರಕ್ಕೂ ಒಂದೇ ಅಳತೆಯ ಕಿರಿದಾದ ಚೌಕ. ಒತ್ತಕ್ಷರ, ಗುಣಿತಗಳಿರುವ ಕನ್ನಡ ಲಿಪಿ ಆ ಚೌಕದಲ್ಲಿ ಹಿಡಿಸದು. ಡಾಸ್ ಕಾಲದಲ್ಲಿ ಪರದೆಯ ಮೇಲೆ ಕನ್ನಡ ಮೂಡಿಸಲು ಐಐಟಿ ಕಾನ್ಪುರದಲ್ಲಿ ಮೊದಲುಗೊಂಡು ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಎಂಬ ಪ್ರತ್ಯೇಕ ಯಂತ್ರಾಂಶವೇ ಬೇಕಾಗಿತ್ತು.

ದಿನಾಂಕ ಮತ್ತು ಸೆಲ್

ಮೊದಲ ಪುಟದ ಮೊದಲ ಸಾಲು ದಿನಾಂಕ, ಸಮಯ. ಗಡಿಯಾರವನ್ನು ನಡೆಸುವುದು ಸೆಕೆಂಡಿಗೆ 32,768 ಬಾರಿ ಕಂಪಿಸುವ ಒಂದು ಹರಳು. ಅದಕ್ಕೆ ಜೀವ ಕೊಡುವುದು ಸಿಆರ್2032 ಎಂಬ ಮೂರು ವೋಲ್ಟಿನ ಲಿಥಿಯಂ ನಾಣ್ಯಸೆಲ್; 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಪ್ಲಗ್ಗಿನಲ್ಲಿ ಕರೆಂಟು ಇರುವಷ್ಟು ಕಾಲ ಎಟಿಎಕ್ಸ್ ಬೋರ್ಡುಗಳು ಸ್ಟ್ಯಾಂಡ್‌ಬೈ ವಿದ್ಯುತ್ತಿನಿಂದಲೇ ಗಡಿಯಾರ ನಡೆಸುವುದರಿಂದ ಸೆಲ್ ಹಲವು ವರ್ಷ ಬರುತ್ತದೆ. ದಿನವೂ ಸ್ವಿಚ್ ಆರಿಸಿ ಹೋಗುವ ಕಚೇರಿಗಳಲ್ಲಿ ಬೇಗ ಬರಿದಾಗುತ್ತದೆ. ಸಿಮಾಸ್ ಚೆಕ್‌ಸಮ್ ಎರರ್ ಎಂದು ಪರದೆ ನಿಂತು ಎಫ್1 ಒತ್ತಲು ಕೇಳುತ್ತಿದ್ದರೆ, ದಿನಾಂಕ ಪ್ರತಿ ಬೆಳಿಗ್ಗೆ ಬೋರ್ಡ್ ತಯಾರಾದ ವರ್ಷಕ್ಕೆ ಹಿಂದೆ ಹೋಗುತ್ತಿದ್ದರೆ ಕಾರಣ ಬಹುಪಾಲು ಇದೇ. ವಾಚಿನಂಗಡಿಯಲ್ಲೂ ಸಿಗುವ ಈ ಸೆಲ್ಲಿಗಾಗಿ ಇಡೀ ಯಂತ್ರವನ್ನು ಗುಜರಿಗೆ ಹಾಕುವವರಿದ್ದಾರೆಂಬುದು ಬೇಸರದ ಸಂಗತಿ.

ತಪ್ಪು ದಿನಾಂಕದ ಪರಿಣಾಮ ಗಡಿಯಾರಕ್ಕಷ್ಟೇ ಸೀಮಿತವಲ್ಲ. ಬ್ಯಾಂಕ್ ಅಥವಾ ಸರ್ಕಾರಿ ಜಾಲತಾಣಗಳ ಸುರಕ್ಷತಾ ಪ್ರಮಾಣಪತ್ರಗಳಿಗೆ ಆರಂಭ ಮತ್ತು ಅಂತ್ಯದ ದಿನಾಂಕಗಳಿರುತ್ತವೆ. ಯಂತ್ರ 2006ರಲ್ಲಿದ್ದೇನೆಂದು ತಿಳಿದಿದ್ದರೆ ಬ್ರೌಸರ್ ಅವುಗಳನ್ನೆಲ್ಲ ನಂಬಲರ್ಹವಲ್ಲವೆಂದು ತಡೆಯುತ್ತದೆ. ಅಂಗಡಿಯ ಲೆಕ್ಕದ ತಂತ್ರಾಂಶದಲ್ಲಿ ಬಿಲ್ಲುಗಳ ತಾರೀಖು ಕೆಡುತ್ತದೆ. ಇಂಟರ್‌ನೆಟ್ ಕೆಟ್ಟಿದೆ ಎಂದು ದೂರುವ ಹಳೆಯ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ಮೂಲೆಯ ತಾರೀಖನ್ನು. ಮೂಲ ಎಟಿ ಗಡಿಯಾರ ಇಸವಿಯ ಕೊನೆಯ ಎರಡು ಅಂಕಿಗಳನ್ನು ಮಾತ್ರ ಎಣಿಸುತ್ತಿತ್ತು, ಶತಮಾನಕ್ಕೆ ಬೇರೊಂದು ಬೈಟ್ ಇತ್ತು. 2000ನೇ ಇಸವಿಯ ಹೊಸ್ತಿಲಲ್ಲಿ ಹಳೆಯ ಬಯಾಸ್‌ಗಳನ್ನು ಪರೀಕ್ಷಿಸಬೇಕಾಗಿ ಬಂದದ್ದು ಇದರಿಂದ. 386 ಮತ್ತು 486 ಕಾಲದ ಬೋರ್ಡ್‌ಗಳಲ್ಲಿ ನಾಣ್ಯಸೆಲ್ ಬದಲು ಬೆಸುಗೆ ಹಾಕಿದ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ಸೋರಿದರೆ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಅಂಥ ಬೋರ್ಡ್ ಕೈಗೆ ಬಂದರೆ ಮೊದಲು ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯಬೇಕು.

ಡಿಸ್ಕಿನ ಗಾತ್ರದ ಗೋಡೆಗಳು

ಹಳೆಯ ಬೋರ್ಡಿಗೆ ದೊಡ್ಡ ಡಿಸ್ಕ್ ಹಾಕಿದವರೆಲ್ಲ ಒಂದಲ್ಲ ಒಂದು ಗೋಡೆಗೆ ಡಿಕ್ಕಿ ಹೊಡೆದಿರುತ್ತಾರೆ. ಆರಂಭದ ಬಯಾಸ್‌ಗಳು ಡಿಸ್ಕ್‌ಗಳ ಸಿದ್ಧ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದವು. ಅದರಲ್ಲಿ ತಮ್ಮದನ್ನು ಆರಿಸಬೇಕಿತ್ತು, ಇಲ್ಲದಿದ್ದರೆ 47ನೇ ಮಾದರಿ ಎಂಬಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್‌ಗಳ ಸಂಖ್ಯೆಯನ್ನು ಕೈಯಾರೆ ತುಂಬಬೇಕಿತ್ತು. ಬಯಾಸ್ ಒಪ್ಪುತ್ತಿದ್ದ ಗರಿಷ್ಠ ಸಿಲಿಂಡರ್ 1,024, ಐಡಿಇ ಡಿಸ್ಕ್ ಒಪ್ಪುತ್ತಿದ್ದ ಹೆಡ್ 16, ಸೆಕ್ಟರ್ 63. ಇವನ್ನು 512 ಬೈಟಿನೊಂದಿಗೆ ಗುಣಿಸಿದರೆ ಬರುವ 528 ಎಂಬಿ ಮೊದಲ ಗೋಡೆ. ಸೆಕ್ಟರ್‌ಗಳನ್ನು ಒಂದೇ ಸಾಲಾಗಿ ಎಣಿಸುವ ಎಲ್‌ಬಿಎ ಮೋಡ್ ಇದನ್ನು ದಾಟಿಸಿತು. ಮುಂದಿನದು 8.4 ಜಿಬಿ. 1999ಕ್ಕೆ ಮುಂಚಿನ ಹಲವು ಅವಾರ್ಡ್ ಬಯಾಸ್‌ಗಳು 33.8 ಜಿಬಿಗಿಂತ ದೊಡ್ಡ ಡಿಸ್ಕ್ ಕಂಡರೆ ಪೋಸ್ಟ್‌ನಲ್ಲೇ ಸ್ತಬ್ಧವಾಗುತ್ತಿದ್ದವು. ಡಿಸ್ಕ್ ತಯಾರಕರು ಗಾತ್ರವನ್ನು 32 ಜಿಬಿಗೆ ಕುಗ್ಗಿಸಿ ತೋರಿಸುವ ಜಂಪರ್ ಒಂದನ್ನು ಇಡಬೇಕಾಯಿತು. 28 ಬಿಟ್ ವಿಳಾಸದಿಂದ ಹುಟ್ಟಿದ 137 ಜಿಬಿ ಗೋಡೆಯನ್ನು 48 ಬಿಟ್ ವಿಳಾಸ ಒಡೆಯಿತು. ಆದರೆ ವಿಂಡೋಸ್ ಎಕ್ಸ್‌ಪಿಗೂ ಅದಕ್ಕಾಗಿ ಮೊದಲ ಸರ್ವಿಸ್ ಪ್ಯಾಕ್ ಬೇಕಿತ್ತು. ಕೊನೆಯದು ಹಳೆಯ ಪಾರ್ಟಿಷನ್ ಪಟ್ಟಿಯ ಮಿತಿ, ಸುಮಾರು 2.2 ಟಿಬಿ. ಹಳೆಯ ಬೋರ್ಡಿಗೆ ಡಿಸ್ಕ್ ಕೊಳ್ಳುವ ಮುನ್ನ ಈ ಅಂಕಿಗಳನ್ನು ನೋಡಿಕೊಂಡರೆ ಹಣ ಉಳಿಯುತ್ತದೆ. 1998ರ ಬೋರ್ಡಿಗೆ 500 ಜಿಬಿ ಡಿಸ್ಕ್ ತಂದು ಬಯಾಸ್ ಸೆಟಪ್‌ನಲ್ಲಿ ಎಷ್ಟು ಹುಡುಕಿದರೂ ಪರಿಹಾರ ಸಿಗುವುದಿಲ್ಲ. ಬೇಕಾದದ್ದು ಬಯಾಸ್‌ನ ಹೊಸ ಆವೃತ್ತಿ ಅಥವಾ ಡಿಸ್ಕ್ ನಿಯಂತ್ರಕದ ಪಿಸಿಐ ಕಾರ್ಡ್.

ಐಡಿಇ ಡಿಸ್ಕ್‌ಗಳಲ್ಲಿ ಒಂದು ಕೇಬಲ್‌ಗೆ ಎರಡು: ಮಾಸ್ಟರ್ ಮತ್ತು ಸ್ಲೇವ್. ಎರಡಕ್ಕೂ ಮಾಸ್ಟರ್ ಜಂಪರ್ ಇದ್ದರೆ ಸೆಟಪ್‌ನಲ್ಲಿ ಯಾವುದೂ ಕಾಣದೆ ಹೋಗಬಹುದು. 2003ರಲ್ಲಿ ಇಂಟೆಲ್‌ನ 865 ಚಿಪ್‌ಸೆಟ್‌ನೊಂದಿಗೆ ಸಾಟಾ ಎಂಬ ಹೊಸ ಡಿಸ್ಕ್ ಸಂಪರ್ಕ ಬಂದಾಗ ಹೊಸ ಗೊಂದಲ ಶುರುವಾಯಿತು. ವಿಂಡೋಸ್ 98 ನಾಲ್ಕೇ ಐಡಿಇ ಸಾಧನಗಳ ಹಳೆಯ ವ್ಯವಸ್ಥೆಯನ್ನು ಅರಿತಿತ್ತು. ಅದಕ್ಕಾಗಿ ಕಂಬೈನ್ಡ್ ಮೋಡ್. ಆರು ಸಾಧನಗಳನ್ನೂ ನೋಡಬಲ್ಲ ವಿಂಡೋಸ್ 2000, ಎಕ್ಸ್‌ಪಿಗಳಿಗೆ ಎನ್‌ಹ್ಯಾನ್ಸ್ಡ್ ಮೋಡ್.

ಮರುವರ್ಷ ಸಾಟಾ ಡಿಸ್ಕ್‌ಗಳಿಗೆಂದೇ ರೂಪಿಸಿದ ಎಎಚ್‌ಸಿಐ ಎಂಬ ಮೂರನೇ ಆಯ್ಕೆ ಸೇರಿತು. ಹಳೆಯ ಯಂತ್ರಗಳಲ್ಲಿ ಅತಿ ಹೆಚ್ಚು ಜನರನ್ನು ಕಾಡಿರುವ ಸಾಲು ಇದೇ ಇರಬೇಕು. ಎಕ್ಸ್‌ಪಿಯ ಮೂಲ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇಲ್ಲ. ಇನ್‌ಸ್ಟಾಲ್ ಮಾಡುವಾಗ ಎಫ್6 ಒತ್ತಿ ಫ್ಲಾಪಿಯಿಂದ ಕೊಡಬೇಕು, ಇಲ್ಲವೇ ಸೆಟಪ್‌ನಲ್ಲಿ ಐಡಿಇ ಮೋಡ್ ಆರಿಸಬೇಕು. ಒಂದು ಮೋಡ್‌ನಲ್ಲಿ ವಿಂಡೋಸ್ ಹಾಕಿ ಆಮೇಲೆ ಇನ್ನೊಂದಕ್ಕೆ ಬದಲಿಸಿದರೆ 7ಬಿ ಎಂಬ ಸಂಕೇತದ ನೀಲಿಪರದೆ ಬರುತ್ತದೆ. ಸೆಲ್ ಬದಲಿಸಿದ ಮೇಲೆ ವಿಂಡೋಸ್ ಹೋಯಿತು ಎಂದು ಬರುವ ದೂರುಗಳಲ್ಲಿ ಎಷ್ಟೋ ಇದರವೇ: ಸೆಲ್ ತೆಗೆದಾಗ ಸೆಟಪ್ ಡಿಫಾಲ್ಟ್‌ಗೆ ಮರಳಿ ಮೋಡ್ ಬದಲಾಗಿರುತ್ತದೆ. ಡಿಸ್ಕ್ ಫಾರ್ಮ್ಯಾಟ್ ಮಾಡಿಸುವ ಅಗತ್ಯವೇ ಇಲ್ಲ, ಮೊದಲಿದ್ದ ಮೋಡ್‌ಗೆ ಹಿಂದಿರುಗಿಸಿದರೆ ಕಡತಗಳೆಲ್ಲ ಇದ್ದಲ್ಲೇ ಸಿಗುತ್ತವೆ. ವಿಂಡೋಸ್ 7ರಲ್ಲಿ ಡ್ರೈವರ್ ಇದೆಯಾದರೂ ಐಡಿಇ ಮೋಡ್‌ನಲ್ಲಿ ಇನ್‌ಸ್ಟಾಲ್ ಆದಾಗ ಅದು ಮಲಗಿರುತ್ತದೆ. ರಿಜಿಸ್ಟ್ರಿಯಲ್ಲಿ ಅದನ್ನು ಎಬ್ಬಿಸಿ ಆಮೇಲೆ ಮೋಡ್ ಬದಲಿಸಬೇಕು. ಇನ್ನು ಭಾರತದಲ್ಲಿ ಬಹಳ ಮಾರಾಟವಾದ 945, ಜಿ31, ಜಿ41 ಚಿಪ್‌ಸೆಟ್‌ಗಳ ಅಗ್ಗದ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವ ಐಸಿಎಚ್7 ಚಿಪ್ಪಿಗೆ ಎಎಚ್‌ಸಿಐ ಸೌಲಭ್ಯವೇ ಇಲ್ಲ. ಅಲ್ಲಿ ಆ ಸಾಲನ್ನು ಹುಡುಕುವುದು ವ್ಯರ್ಥ. ಐಡಿಇ ಮೋಡ್‌ನಲ್ಲೇ ಎಸ್‌ಎಸ್‌ಡಿ ಹಾಕಿದರೂ ಅಂಥ ಯಂತ್ರ ಗಣನೀಯವಾಗಿ ಚುರುಕಾಗುತ್ತದೆ.

ಬೂಟ್ ಕ್ರಮ

ಮೊದಲು ಫ್ಲಾಪಿ, ಆಮೇಲೆ ಹಾರ್ಡ್ ಡಿಸ್ಕ್ ಎಂಬುದು ಮೂಲ ಕ್ರಮ. 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಸೇರಿ ಎಲ್ ಟೊರಿಟೊ ಎಂಬ ನಿಯಮಾವಳಿ ತಂದ ಮೇಲೆ ಸಿಡಿಯಿಂದಲೂ ಬೂಟ್ ಸಾಧ್ಯವಾಯಿತು. ಯುಎಸ್‌ಬಿ ಸಾಧನಗಳಿಗೆ ಯುಎಸ್‌ಬಿ-ಎಫ್‌ಡಿಡಿ, ಯುಎಸ್‌ಬಿ-ಜಿಪ್, ಯುಎಸ್‌ಬಿ-ಎಚ್‌ಡಿಡಿ ಎಂಬ ಮೂರು ವೇಷಗಳು ಬಂದವು. ಪೆನ್‌ಡ್ರೈವ್‌ಗೆ ಬಹುತೇಕ ಕೊನೆಯದೇ ಸರಿ. ಇಲ್ಲೊಂದು ಬಲೆ ಇದೆ. 2005ರ ಆಸುಪಾಸಿನ ಅನೇಕ ಬಯಾಸ್‌ಗಳು ಪೆನ್‌ಡ್ರೈವನ್ನು ಹಾರ್ಡ್ ಡಿಸ್ಕ್ ಎಂದೇ ಎಣಿಸಿ ಹಾರ್ಡ್ ಡಿಸ್ಕ್ ಬೂಟ್ ಪ್ರಯಾರಿಟಿ ಎಂಬ ಒಳಪಟ್ಟಿಗೆ ಸೇರಿಸುತ್ತವೆ. ಹೊರಗಿನ ಪಟ್ಟಿಯಲ್ಲಿ ಯುಎಸ್‌ಬಿ ಮೇಲಿಟ್ಟರೂ ಬೂಟ್ ಆಗದವರು ಈ ಒಳಪಟ್ಟಿಯನ್ನು ತೆರೆದು ಅಲ್ಲಿ ಅದನ್ನು ಮೇಲಕ್ಕೆ ತರಬೇಕು. ಪೆನ್‌ಡ್ರೈವ್ ಚುಚ್ಚಿದ ಮೇಲೆಯೇ ಯಂತ್ರವನ್ನು ಚಾಲೂ ಮಾಡಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಡಿಸ್ಕನ್ನು ಮತ್ತೆ ಮೊದಲ ಸ್ಥಾನಕ್ಕೆ ತರುವುದು ಒಳ್ಳೆಯದು.

ಪೋರ್ಟುಗಳು ಮತ್ತು ಪಳೆಯುಳಿಕೆಗಳು

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇಟ್ಟುಕೊಂಡಿರುವ ಅಂಗಡಿ, ಸಹಕಾರ ಸಂಘಗಳಿಗೆ ಪ್ಯಾರಲಲ್ ಪೋರ್ಟ್ ಮುಖ್ಯ. ಅದರ ರೂಢಿಯ ವಿಳಾಸ 378, ಇಂಟರಪ್ಟ್ 7. ಅದಕ್ಕೆ ಎಸ್‌ಪಿಪಿ, ಇಪಿಪಿ, ಇಸಿಪಿ ಎಂಬ ಮೋಡ್‌ಗಳಿವೆ. ಹಳೆಯ ಪ್ರಿಂಟರ್ ಅರ್ಧಕ್ಕೆ ನಿಲ್ಲುತ್ತಿದ್ದರೆ ಸರಳವಾದ ಎಸ್‌ಪಿಪಿಗೆ ಇಳಿಸಿ ನೋಡಬೇಕು. ಸ್ಕ್ಯಾನರ್, ಜಿಪ್ ಡ್ರೈವ್‌ಗಳಿಗೆ ಎರಡೂ ಕಡೆ ಮಾತಾಡುವ ಇಪಿಪಿ ಅಥವಾ ಇಸಿಪಿ ಸೂಕ್ತ. ಸೀರಿಯಲ್ ಪೋರ್ಟ್‌ಗಳಲ್ಲಿ ಕಾಮ್1ಕ್ಕೆ 3ಎಫ್8 ಮತ್ತು ಇಂಟರಪ್ಟ್ 4, ಕಾಮ್2ಕ್ಕೆ 2ಎಫ್8 ಮತ್ತು ಇಂಟರಪ್ಟ್ 3. ಸೀರಿಯಲ್ ತಂತಿಯ ತಕ್ಕಡಿ ಅಥವಾ ಕಾರ್ಖಾನೆಯ ನಿಯಂತ್ರಕಗಳನ್ನು ಈ ಪೋರ್ಟಿಗೆ ಜೋಡಿಸಿದ್ದರೆ ಡಿಫಾಲ್ಟ್ ಲೋಡ್ ಮಾಡುವ ಮುಂಚೆ ಈ ವಿಳಾಸಗಳನ್ನು ಬರೆದಿಟ್ಟುಕೊಳ್ಳಬೇಕು.

ಸೆಟಪ್‌ನಲ್ಲಿ ಈಗ ಅರ್ಥ ಕಳೆದುಕೊಂಡ ಸಾಲುಗಳೂ ಬಹಳ. 64 ಎಂಬಿಗಿಂತ ಹೆಚ್ಚು ಮೆಮೊರಿ ಇದ್ದಾಗ ಓಎಸ್/2 ಬಳಸುವಿರಾ ಎಂದು ಕೇಳುವ ಸಾಲು ಐಬಿಎಂನ ಒಂದು ಆಪರೇಟಿಂಗ್ ಸಿಸ್ಟಮ್‌ಗಾಗಿ ಮಾಡಿದ್ದು. ಫ್ಲಾಪಿ 3 ಮೋಡ್ ಎಂಬುದು ಜಪಾನಿನಲ್ಲಿ ಬಳಕೆಯಲ್ಲಿದ್ದ 1.2 ಎಂಬಿಯ ಮೂರೂವರೆ ಇಂಚಿನ ಫ್ಲಾಪಿಗಾಗಿ. ಸಿಪಿಯುಐಡಿ ಮಿತಿಗೊಳಿಸುವ ಸಾಲು ವಿಂಡೋಸ್ ಎನ್‌ಟಿ 4ಗಾಗಿ. ಅದನ್ನು ಎನೇಬಲ್ ಮಾಡಿದರೆ ಹೊಸ ಆಪರೇಟಿಂಗ್ ಸಿಸ್ಟಮ್‌ಗಳಿಗೆ ಪ್ರೊಸೆಸರಿನ ಕೆಲವು ಗುಣಗಳೇ ಕಾಣುವುದಿಲ್ಲ. ಶ್ಯಾಡೋ ಎಂಬುದು ನಿಧಾನಗತಿಯ ರಾಮ್ ಚಿಪ್ಪಿನಿಂದ ಬಯಾಸ್ ಪಠ್ಯವನ್ನು ವೇಗದ ರ‍್ಯಾಮಿಗೆ ನಕಲಿಸುವುದು. ಡಾಸ್ ಕಾಲದಲ್ಲಿ ಇದರಿಂದ ಎದ್ದು ಕಾಣುವ ಲಾಭವಿತ್ತು. ಇವನ್ನೆಲ್ಲ ಇದ್ದ ಹಾಗೇ ಬಿಡಬಹುದು. ಇದಕ್ಕೆ ವಿರುದ್ಧವಾಗಿ ಎಕ್ಸಿಕ್ಯೂಟ್ ಡಿಸೇಬಲ್ ಅಥವಾ ಎನ್‌ಎಕ್ಸ್ ಎಂಬ ಸಣ್ಣ ಸಾಲು ನಿಜಕ್ಕೂ ಮುಖ್ಯ. ಅದು ಮುಚ್ಚಿದ್ದರೆ ವಿಂಡೋಸ್ 8 ಮತ್ತು ಅದರ ನಂತರದವು ಇನ್‌ಸ್ಟಾಲ್ ಆಗಲು ಒಪ್ಪುವುದಿಲ್ಲ. ವರ್ಚುವಲ್ ಯಂತ್ರಗಳನ್ನು ನಡೆಸಲು 2005ರ ಕೊನೆಯಿಂದ ಪ್ರೊಸೆಸರ್‌ಗಳಿಗೆ ಬಂದ ವಿಟಿ ಸೌಲಭ್ಯವನ್ನೂ ಅನೇಕ ಬೋರ್ಡ್‌ಗಳಲ್ಲಿ ಕೈಯಾರೆ ತೆರೆಯಬೇಕು.

ವೇಗ

ಮೆಮೊರಿ ಪಟ್ಟಿಯ ಮೇಲಿರುವ ಎಸ್‌ಪಿಡಿ ಎಂಬ ಪುಟ್ಟ ಚಿಪ್ಪು ಅದಕ್ಕೆ ತಕ್ಕ ಸಮಯಾಂತರಗಳನ್ನು ಬಯಾಸ್‌ಗೆ ತಾನೇ ಹೇಳುತ್ತದೆ. ಬೈ ಎಸ್‌ಪಿಡಿ ಅಥವಾ ಆಟೋ ಎಂದಿರುವುದನ್ನು ಬದಲಿಸಬೇಕಾದ ಸಂದರ್ಭ ಅಪರೂಪ. ಬೇರೆಬೇರೆ ಕಂಪನಿಯ ಎರಡು ಪಟ್ಟಿಗಳು ಜೊತೆಗೂಡಿದಾಗ ಯಂತ್ರ ಹ್ಯಾಂಗ್ ಆಗುತ್ತಿದ್ದರೆ ಕ್ಯಾಸ್ ಲೇಟೆನ್ಸಿಯನ್ನು ಒಂದು ಹಂತ ಏರಿಸಿ ನಿಧಾನಗೊಳಿಸುವುದು ಉಪಯುಕ್ತ.

ಪ್ರೊಸೆಸರನ್ನು ಅದರ ಮೇಲೆ ಬರೆದ ವೇಗಕ್ಕಿಂತ ಜೋರಾಗಿ ಓಡಿಸುವ ಓವರ್‌ಕ್ಲಾಕಿಂಗ್‌ಗೆ ಮೊದಲು ಜಂಪರ್ ಬದಲಿಸಬೇಕಿತ್ತು. ತೈವಾನಿನ ಅಬಿಟ್ ಸಾಫ್ಟ್‌ಮೆನು ಎಂಬ ಹೆಸರಿನಲ್ಲಿ ಅದನ್ನು ಬಯಾಸ್ ಪರದೆಗೇ ತಂದು 1990ರ ದಶಕದ ಉತ್ತರಾರ್ಧದಲ್ಲಿ ಹೆಸರು ಮಾಡಿತು. 1998ರ ಸೆಲೆರಾನ್ 300ಎ ಇದರ ದಂತಕಥೆ. ಅದರ ಗುಣಕ 4.5ಕ್ಕೆ ಬಂಧಿತ, ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಅಗ್ಗದ ಪ್ರೊಸೆಸರ್ 450ರಲ್ಲಿ ಓಡುತ್ತಿತ್ತು. ಆದರೆ ಆ ಕಾಲದ ಬೋರ್ಡ್‌ಗಳಲ್ಲಿ ಪಿಸಿಐ ವೇಗ ಬಸ್ ವೇಗದ ನಿಗದಿತ ಭಾಗ. 100ರ ಮೂರನೇ ಒಂದು ಭಾಗ 33, ಅದು ಕ್ಷೇಮ; 83ರ ಅರ್ಧ 41ಕ್ಕೂ ಹೆಚ್ಚು, ಅದು ಡಿಸ್ಕ್ ನಿಯಂತ್ರಕಕ್ಕೆ ತಡೆಯದೆ ಕಡತಗಳು ಕೆಡುತ್ತಿದ್ದವು. ಇಪ್ಪತ್ತು ವರ್ಷ ಸವೆದ ಕೆಪಾಸಿಟರ್‌ಗಳಿರುವ ಬೋರ್ಡಿನಲ್ಲಿ ಇಂದು ಈ ಸಾಹಸಕ್ಕೆ ಹೋಗುವುದು ತರವಲ್ಲ. ಅದರ ಬದಲು ಪಿಸಿ ಹೆಲ್ತ್ ಸ್ಟೇಟಸ್ ಪುಟದಲ್ಲಿ ತಾಪಮಾನ ನೋಡಬೇಕು. ಸೆಟಪ್ ಪರದೆಯಲ್ಲಿ ಸುಮ್ಮನೆ ನಿಂತಿರುವಾಗಲೇ ಪ್ರೊಸೆಸರಿನ ತಾಪ 70 ಡಿಗ್ರಿ ಸಮೀಪಿಸುತ್ತಿದ್ದರೆ ಫ್ಯಾನಿನ ಧೂಳು ತೆಗೆದು ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚುವ ಕಾಲ ಬಂದಿದೆ.

ವಿದ್ಯುತ್

ಕರೆಂಟು ಕೈಕೊಡುವ ಊರುಗಳಲ್ಲಿ ಪವರ್-ಆನ್ ಆಫ್ಟರ್ ಪವರ್-ಫೇಲ್ ಎಂಬ ಸಾಲಿಗೆ ಬೆಲೆ ಹೆಚ್ಚು. ಆಫ್ ಎಂದಿದ್ದರೆ ವಿದ್ಯುತ್ ಬಂದ ಮೇಲೂ ಯಂತ್ರ ಆರಿಯೇ ಇರುತ್ತದೆ. ಆನ್ ಎಂದಿದ್ದರೆ ತಾನೇ ಏಳುತ್ತದೆ. ಫಾರ್ಮರ್ ಎಂದಿದ್ದರೆ ಮೊದಲು ಹೇಗಿತ್ತೋ ಹಾಗೆ. ಸಿಸಿಟಿವಿ ದಾಖಲೆ ಅಥವಾ ಕಚೇರಿಯ ಕಡತ ಸರ್ವರ್ ಆಗಿ ಹಳೆಯ ಪಿಸಿ ದುಡಿಯುತ್ತಿದ್ದರೆ ಆನ್ ಸೂಕ್ತ. ಮನೆಯ ಯಂತ್ರಕ್ಕೆ ಆಫ್ ಒಳಿತು, ಏಕೆಂದರೆ ಕರೆಂಟು ಬಂದು ಹೋಗಿ ಆಟವಾಡುವಾಗ ಡಿಸ್ಕ್ ಪದೇಪದೇ ಎದ್ದು ಬೀಳುವುದು ತಪ್ಪುತ್ತದೆ. ಕೀಬೋರ್ಡ್ ಇಲ್ಲದೆ ಮೂಲೆಯಲ್ಲಿ ನಡೆಯುವ ಯಂತ್ರಕ್ಕೆ ಹಾಲ್ಟ್ ಆನ್ ಸಾಲಿನಲ್ಲಿ ಕೀಬೋರ್ಡ್ ದೋಷವನ್ನು ಬಿಟ್ಟು ಉಳಿದವಕ್ಕೆ ನಿಲ್ಲು ಎಂದು ಆರಿಸಬೇಕು. ನಿದ್ರಾಸ್ಥಿತಿಗಳಲ್ಲಿ ಎಸ್1 ಎಂದರೆ ಫ್ಯಾನ್ ತಿರುಗುತ್ತಲೇ ಇರುವ ತೂಕಡಿಕೆ, ಎಸ್3 ಎಂದರೆ ಮೆಮೊರಿ ಮಾತ್ರ ಎಚ್ಚರವಿರುವ ಗಾಢನಿದ್ರೆ. ವಿಂಡೋಸ್ ಎಕ್ಸ್‌ಪಿ ಇನ್‌ಸ್ಟಾಲ್ ಆದ ಮೇಲೆ ಎಸಿಪಿಐ ಅಥವಾ ಎಪಿಐಸಿ ಸಾಲುಗಳನ್ನು ಬದಲಿಸಬಾರದು. ಇನ್‌ಸ್ಟಾಲ್ ಹೊತ್ತಿನಲ್ಲಿ ಆಯ್ಕೆಯಾದ ಯಂತ್ರಾಂಶ ಪದರಕ್ಕೂ ಬೋರ್ಡಿಗೂ ತಾಳೆಯಾಗದೆ ಬೂಟ್ ನಿಲ್ಲಬಹುದು.

ಪಾಸ್‌ವರ್ಡ್, ಜಂಪರ್, ಮರುಹೊಂದಿಕೆ

ಸೂಪರ್‌ವೈಸರ್ ಪಾಸ್‌ವರ್ಡ್ ಸೆಟಪ್ ತಿದ್ದುವ ಹಕ್ಕನ್ನು, ಯೂಸರ್ ಪಾಸ್‌ವರ್ಡ್ ಯಂತ್ರ ಬಳಸುವ ಹಕ್ಕನ್ನು ಕಾಯುತ್ತದೆ. ಬಹುತೇಕ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಪಾಸ್‌ವರ್ಡ್ ಸಿಮಾಸ್‌ನಲ್ಲೇ ಇರುವುದರಿಂದ ಸಿಮಾಸ್ ಅಳಿಸಿದರೆ ಅದೂ ಹೋಗುತ್ತದೆ. ಕ್ಯಾಬಿನೆಟ್ ತೆರೆಯಬಲ್ಲವರ ಎದುರು ಇದು ರಕ್ಷಣೆಯಲ್ಲ. ಅಳಿಸುವ ಕ್ರಮ ಹೀಗೆ: ಪ್ಲಗ್ ಕಿತ್ತು, ಸೆಲ್ ಹತ್ತಿರವಿರುವ ಮೂರು ಪಿನ್ನಿನ ಜಂಪರನ್ನು 1-2ರಿಂದ 2-3ಕ್ಕೆ ಕೆಲವು ಸೆಕೆಂಡು ಸರಿಸಿ ಮತ್ತೆ ಮೊದಲಿನಂತೆ ಕೂರಿಸಬೇಕು. ಪ್ಲಗ್ ಕೀಳದೆ ಇದನ್ನು ಮಾಡಿದರೆ ಬೋರ್ಡಿಗೆ ಹಾನಿಯಾಗಬಹುದು. ಇಂಟೆಲ್ ತಯಾರಿಸಿದ ಬೋರ್ಡ್‌ಗಳಲ್ಲಿ ಇದೇ ಜಂಪರ್‌ಗೆ ಬೇರೆ ಅರ್ಥ: 1-2 ಸಾಮಾನ್ಯ ಸ್ಥಿತಿ, 2-3ರಲ್ಲಿಟ್ಟು ಯಂತ್ರ ಚಾಲೂ ಮಾಡಿದರೆ ಪಾಸ್‌ವರ್ಡ್ ಅಳಿಸಬಲ್ಲ ವಿಶೇಷ ಪರದೆ, ಜಂಪರನ್ನೇ ತೆಗೆದರೆ ಕೆಟ್ಟ ಬಯಾಸ್ ಮರುತುಂಬುವ ಸ್ಥಿತಿ. ಬೋರ್ಡಿನ ಕೈಪಿಡಿ ಇಲ್ಲದೆ ಜಂಪರ್ ಮುಟ್ಟಬಾರದೆನ್ನುವುದು ಇದಕ್ಕೆ.

ಡಿಫಾಲ್ಟ್‌ಗಳಲ್ಲಿ ಎರಡು ಬಗೆ. ಫೇಲ್-ಸೇಫ್ ಎಂದರೆ ಯಂತ್ರ ಹೇಗಾದರೂ ಏಳಲಿ ಎಂಬ ಅತಿ ಜಾಗರೂಕ ಹೊಂದಿಕೆ, ಆಪ್ಟಿಮೈಸ್ಡ್ ಎಂದರೆ ತಯಾರಕರು ದಿನಬಳಕೆಗೆ ಒಪ್ಪಿದ ಹೊಂದಿಕೆ. ಹಳೆಯ ಬೋರ್ಡ್ ಕೈಗೆ ಬಂದಾಗ ಸುರಕ್ಷಿತವಾದ ಕ್ರಮವೆಂದರೆ ಇದ್ದ ಪುಟಗಳ ಫೋಟೊ ತೆಗೆದು, ಹೊಸ ಸೆಲ್ ಹಾಕಿ, ಆಪ್ಟಿಮೈಸ್ಡ್ ಡಿಫಾಲ್ಟ್ ಲೋಡ್ ಮಾಡಿ, ದಿನಾಂಕ ಸರಿಪಡಿಸಿ, ಆಮೇಲೆ ಸಾಟಾ ಮೋಡ್, ಬೂಟ್ ಕ್ರಮ, ಯುಎಸ್‌ಬಿ ಕೀಬೋರ್ಡ್, ಕರೆಂಟು ಬಂದಾಗಿನ ನಡವಳಿಕೆ ಇಷ್ಟನ್ನು ಒಂದೊಂದಾಗಿ ಬದಲಿಸುವುದು. ಒಮ್ಮೆಗೆ ಹತ್ತು ಸಾಲು ತಿದ್ದಿದರೆ ತೊಂದರೆ ಯಾವುದರಿಂದ ಬಂತೆಂದು ಗೊತ್ತಾಗುವುದಿಲ್ಲ.

ಬಯಾಸ್ ಮರುಬರಹ

1990ರ ದಶಕದಲ್ಲಿ ಬಯಾಸ್ ಫ್ಲ್ಯಾಶ್ ಚಿಪ್ಪಿಗೆ ಬಂದ ಮೇಲೆ ಅದನ್ನು ತಂತ್ರಾಂಶದಿಂದಲೇ ಮರುಬರೆಯಬಹುದಾಯಿತು. ಅನುಕೂಲದ ಜೊತೆ ಅಪಾಯವೂ ಬಂತು. 1998ರಲ್ಲಿ ಕಾಣಿಸಿಕೊಂಡ ಸಿಐಎಚ್ ವೈರಸ್ ಸುಮಾರು ಒಂದು ಕೆಬಿ ಗಾತ್ರದ್ದು. ಚೆರ್ನೋಬಿಲ್ ಎಂದೂ ಹೆಸರಾದ ಅದು 1999ರ ಏಪ್ರಿಲ್ 26ರಂದು ಸಿಡಿದು ಡಿಸ್ಕಿನ ಆರಂಭವನ್ನು ಅಳಿಸಿತು, ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್‌ನಂಥ ಬೋರ್ಡ್‌ಗಳಲ್ಲಿ ಬಯಾಸ್ ಚಿಪ್ಪಿನ ಮೇಲೂ ಕಸ ಬರೆಯಿತು. ಅಂಥ ಯಂತ್ರಗಳಲ್ಲಿ ಪರದೆಯೇ ಬರುತ್ತಿರಲಿಲ್ಲ. ಆಮೇಲೆ ಬರಹತಡೆಯ ಜಂಪರ್, ಎಂದೂ ಅಳಿಯದ ಬೂಟ್ ಬ್ಲಾಕ್, ಗಿಗಾಬೈಟ್ ಕಂಪನಿಯ ಎರಡು ಚಿಪ್ಪುಗಳ ಡ್ಯುಯಲ್ ಬಯಾಸ್ ಮುಂತಾದ ರಕ್ಷಣೆಗಳು ಬಳಕೆಗೆ ಬಂದವು. ಬಯಾಸ್ ಅಪ್‌ಡೇಟ್ ಮಾಡುವಾಗ ಬೋರ್ಡಿನ ಮಾದರಿಯ ಜೊತೆ ಅದರ ಪರಿಷ್ಕರಣ ಸಂಖ್ಯೆಯನ್ನೂ ತಾಳೆ ನೋಡಬೇಕು. ಯುಪಿಎಸ್ ಇಲ್ಲದೆ ಆರಂಭಿಸಲೇಬಾರದು. ಯಂತ್ರ ಸರಿಯಾಗಿ ನಡೆಯುತ್ತಿದ್ದರೆ, ಹೊಸ ಪ್ರೊಸೆಸರ್ ಅಥವಾ ಡಿಸ್ಕ್ ಸೇರಿಸುವ ಅಗತ್ಯವಿಲ್ಲದಿದ್ದರೆ ಅಪ್‌ಡೇಟ್ ಬೇಡ. ಕಡತ ಸಿಗುವುದೂ ಈಗ ಕಷ್ಟ. ಡೆಸ್ಕ್‌ಟಾಪ್ ಬೋರ್ಡ್ ವ್ಯವಹಾರದಿಂದ ಹಿಂದೆ ಸರಿಯುವುದಾಗಿ 2013ರಲ್ಲಿ ಸಾರಿದ ಇಂಟೆಲ್, 2019ರ ನವೆಂಬರ್‌ನಲ್ಲಿ ಹಳೆಯ ಬೋರ್ಡ್‌ಗಳ ಬಯಾಸ್ ಕಡತಗಳನ್ನು ತನ್ನ ತಾಣದಿಂದ ತೆಗೆಯಿತು. ಕೆಟ್ಟ ಚಿಪ್ಪನ್ನು ಹೊರತೆಗೆದು ಪ್ರೋಗ್ರಾಮರ್ ಯಂತ್ರದಲ್ಲಿ ಮರುಬರೆಸುವುದು ಉಳಿದ ದಾರಿ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಬಿಡಿಭಾಗಗಳ ಪೇಟೆಗಳು ಹಳೆಯ ಯಂತ್ರ ಇಟ್ಟುಕೊಂಡವರಿಗೆ ಆಸರೆಯಾಗಿರುವುದು ಇಂಥ ಕೆಲಸಗಳಿಂದಲೇ.

ಮುಂದಿನ ತಲೆಮಾರು

ಇಂಟೆಲ್ ತನ್ನ ಇಟಾನಿಯಂ ಸರ್ವರ್‌ಗಳಿಗಾಗಿ 1990ರ ದಶಕದ ಕೊನೆಗೆ ರೂಪಿಸಿದ ಇಎಫ್ಐ, 2005ರಲ್ಲಿ ಹಲವು ಕಂಪನಿಗಳ ಒಕ್ಕೂಟದ ಕೈಗೆ ಬಂದು ಯುಇಎಫ್ಐ ಆಯಿತು. 2011ರ ಸುಮಾರಿಗೆ ಹೊಸ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಅದು ಸಾಮಾನ್ಯವಾಯಿತು. ಮೌಸ್, ಚಿತ್ರಪರದೆ, 2.2 ಟಿಬಿ ಮೀರಿದ ಬೂಟ್ ಡಿಸ್ಕ್, ಸೆಕ್ಯೂರ್ ಬೂಟ್ ಬಂದವು. ಹಳೆಯ ಆಪರೇಟಿಂಗ್ ಸಿಸ್ಟಮ್‌ಗಳಿಗಾಗಿ ಬಯಾಸ್‌ನಂತೆ ನಟಿಸುವ ಸಿಎಸ್ಎಂ ಎಂಬ ಪದರವೂ ಕೆಲವು ವರ್ಷ ಜೊತೆಗಿತ್ತು. ಇನ್ನೊಂದೆಡೆ, ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದಲ್ಲಿ ರಾನ್ ಮಿನಿಚ್ 1999ರಲ್ಲಿ ಆರಂಭಿಸಿದ ಲಿನಕ್ಸ್‌ಬಯಾಸ್ 2008ರಲ್ಲಿ ಕೋರ್‌ಬೂಟ್ ಎಂಬ ಹೆಸರು ಪಡೆದು ಬೆಳೆಯಿತು. ಅದರ ಮೂಲಪಠ್ಯವನ್ನು ಯಾರು ಬೇಕಾದರೂ ಓದಿ ತಿದ್ದಬಹುದು. ಗಿಗಾಬೈಟ್‌ನ ಜಿ41ಎಂ-ಇಎಸ್2ಎಲ್, ಇಂಟೆಲ್‌ನ ಡಿ945ಜಿಸಿಎಲ್‌ಎಫ್‌ನಂಥ ಕೆಲವೇ ಹಳೆಯ ಡೆಸ್ಕ್‌ಟಾಪ್ ಬೋರ್ಡ್‌ಗಳು ಅದರ ಆಸರೆ ಪಡೆದಿವೆ. ಆ ಬೋರ್ಡ್‌ಗಳಲ್ಲಿ ನೀಲಿ ಸೆಟಪ್ ಪರದೆ ಇರುವುದಿಲ್ಲ. ಹೊಂದಿಕೆಗಳಲ್ಲಿ ಹೆಚ್ಚಿನವನ್ನು ಫರ್ಮ್‌ವೇರ್ ಕಟ್ಟುವ ಹೊತ್ತಿನಲ್ಲೇ ಆರಿಸಿ ಚಿಪ್ಪಿಗೆ ಬರೆಯಬೇಕು.